ಮನೆಗೆ ಮಳೆನೀರು ನುಗ್ಗಿದರೆ: ಬಣ್ಣಕ್ಕೆ ಮುಂಚೆ ಗೋಡೆ ಒಣಗಲಿ

ಬೆಂಗಳೂರಿನಲ್ಲಿ ಮನೆಗಳಿಗೆ ಹೆಚ್ಚು ಪೆಟ್ಟು ಕೊಡುವುದು ಏಪ್ರಿಲ್-ಮೇ ತಿಂಗಳ ಗುಡುಗುಮಳೆ ಮತ್ತು ಸೆಪ್ಟೆಂಬರ್-ಅಕ್ಟೋಬರ್ ಮಳೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಮಹದೇವಪುರದ ಕಡೆ ಎಷ್ಟೋ ಮನೆಗಳಿಗೆ ನೀರು ನುಗ್ಗಿತ್ತು. ರಾಜಕಾಲುವೆ (ಮಳೆನೀರಿನ ದೊಡ್ಡ ಕಾಲುವೆ) ಪಕ್ಕದ ಮನೆಗೆ ಅಡ್ವಾನ್ಸ್ ಕೊಡುವ ಮೊದಲು ಅಕ್ಕಪಕ್ಕದವರನ್ನು ಕೇಳಿ.

ನೀರು ಬಂದರೆ ಮೊದಲು ಮೈನ್ ಸ್ವಿಚ್ ಆಫ್ ಮಾಡಿ. ಮೀಟರ್ ಬೋರ್ಡಿನ ಬಳಿ ನೀರು ನಿಂತಿದ್ದರೆ ಅತ್ತ ಕಾಲಿಡಲೇಬೇಡಿ, ಬೆಸ್ಕಾಂನ 1912ಕ್ಕೆ ಫೋನ್ ಮಾಡಿ. ಸಾಮಾನು ಸರಿಸುವ ಮುಂಚೆ ಗೋಡೆಯ ಮೇಲಿನ ನೀರಿನ ಗೆರೆ ಕಾಣುವ ಹಾಗೆ ಫೋಟೋ ತೆಗೆದು ಮಾಲೀಕರಿಗೆ ಕಳಿಸಿ.

ನೆಲದಡಿಯ ನೀರಿನ ತೊಟ್ಟಿಗೆ (ಸಂಪ್) ಚರಂಡಿ ನೀರು ಸೇರಿದ್ದರೆ ಪೂರ್ತಿ ಖಾಲಿ ಮಾಡಿಸಿ, ತಿಕ್ಕಿಸಿ, ಹೊಸ ನೀರು ತುಂಬಿಸಿ. 1,000 ಲೀಟರಿಗೆ 5 ಗ್ರಾಂ ಬ್ಲೀಚಿಂಗ್ ಪೌಡರನ್ನು ಬಕೆಟ್ಟಿನಲ್ಲಿ ಕದಡಿ, ಗಸಿ ಇಳಿದ ಮೇಲೆ ತಿಳಿನೀರನ್ನಷ್ಟೇ ಸುರಿದು ಒಂದು ಗಂಟೆ ಬಿಡಿ. ಕುಡಿಯುವ ನೀರನ್ನು ಕುದಿಸಿಯೇ ಕುಡಿಯಿರಿ.

ಜನ ಎಡವುವುದು ಗೋಡೆಯ ವಿಷಯದಲ್ಲಿ. ಹಬ್ಬ ಹತ್ತಿರ ಬಂತೆಂದು ಹಸಿ ಗೋಡೆಗೆ ಪುಟ್ಟಿ ಎಳೆದು ಬಣ್ಣ ಬಳಿಸುತ್ತಾರೆ. ಒಳಗಿನ ತೇವಕ್ಕೆ ಹೊರಬರಲು ದಾರಿಯಿಲ್ಲದೆ ಕೆಲವೇ ತಿಂಗಳಲ್ಲಿ ಬಣ್ಣ ಗುಳ್ಳೆ ಎದ್ದು ಹಾಳೆಹಾಳೆಯಾಗಿ ಉದುರುತ್ತದೆ. ಪರೀಕ್ಷೆ ಸುಲಭ: ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಮರುದಿನ ಬಿಚ್ಚಿ. ಒಳಬದಿಯಲ್ಲಿ ಸಣ್ಣ ಹನಿಗಳು ಕೂತಿದ್ದರೆ ಗೋಡೆ ಇನ್ನೂ ಹಸಿ. ಒಣಗಲು ವಾರಗಳೇ ಬೇಕು, ಫ್ಯಾನ್ ಹಾಕಿ, ಬಿಸಿಲಿರುವಾಗ ಕಿಟಕಿ ತೆರೆದಿಡಿ. ಬಿಳಿ ಉಪ್ಪು ಎದ್ದಿದ್ದರೆ ಒಣ ಬ್ರಷ್ಷಿನಲ್ಲಿ ಉಜ್ಜಿ ತೆಗೆಯಿರಿ. ತೊಳೆದರೆ ಕರಗಿ ಮತ್ತೆ ಗೋಡೆಯೊಳಗೇ ಇಳಿಯುತ್ತದೆ.

ಬೆರಳ ಗೆಣ್ಣಿನಿಂದ ಗೋಡೆ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಕಡೆ ಗಾರೆ ಇಟ್ಟಿಗೆ ಬಿಟ್ಟಿದೆ, ಅಷ್ಟನ್ನೂ ಕೆತ್ತಿಸಿ. ಹೊಸ ಗಾರೆಗೆ ಸಿಮೆಂಟ್ ಒಂದು ಪಾಲು, ಮರಳು ನಾಲ್ಕು ಪಾಲು. ವಾಟರ್‌ಪ್ರೂಫಿಂಗ್ ದ್ರವವನ್ನು ಡಬ್ಬಿಯ ಮೇಲಿನ ಅಳತೆಯಷ್ಟೇ ಹಾಕಿಸಿ. ಏಳು ದಿನ ನೀರುಣಿಸಿ, ಮತ್ತೆ ಒಣಗಲು ಬಿಡಿ. ಮೇಸ್ತ್ರಿ ಎರಡೇ ದಿನಕ್ಕೆ ಸಾಕೆಂದರೆ ಒಪ್ಪಬೇಡಿ.

ಚಾವಣಿ ಸೋರಿದ್ದರೆ ಒಳಗಿನಿಂದ ಬಳಿದು ಪ್ರಯೋಜನವಿಲ್ಲ. ತಾರಸಿಯ ಮಳೆನೀರು ಪೈಪಿನ ಬಾಯಿಯಲ್ಲಿ ಎಲೆ, ಮಣ್ಣು ಕಟ್ಟಿಕೊಂಡಿದೆಯೇ, ಪ್ಯಾರಾಪೆಟ್ ಗೋಡೆ ನೆಲಕ್ಕೆ ಸೇರುವ ಮೂಲೆ ಬಿರುಕು ಬಿಟ್ಟಿದೆಯೇ ನೋಡಿ. ಕೆಲಸ ಮುಗಿದು ಒಣಗಿದ ಮೇಲೆ ಪೈಪಿನ ಬಾಯಿ ಮುಚ್ಚಿ ಒಂದಿಂಚು ನೀರು ಎರಡು ದಿನ ನಿಲ್ಲಿಸಿ, ಕೆಳಗೆ ಚಾವಣಿ ತೇವವಾಗದಿದ್ದರೆ ಮಾತ್ರ ಬಾಕಿ ಹಣ ಕೊಡಿ.

ಬೂಷ್ಟು ಒರೆಸುವಾಗ ಮಾಸ್ಕ್, ಕೈಗವಸು ಇರಲಿ. ಬ್ಲೀಚಿಂಗ್ ಪೌಡರಿನ ಜೊತೆ ಆಸಿಡ್ ಅಥವಾ ಟಾಯ್ಲೆಟ್ ಕ್ಲೀನರ್ ಎಂದೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ.