ಹಲಗೆ ಹೊಡೆಯುವ ಮೊದಲು ವೈರಿಂಗ್ ಮುಗಿಸಿ

ಚಿಕ್ಕ ಹಾಯಿದೋಣಿಯ ಒಳಭಾಗಕ್ಕೆ ಹಲಗೆ ಹೊಡೆಯುವ ಆತುರ ಬೇಡ. ಮೊದಲು ವೈರ್ ಎಳೆಯಿರಿ. ಜೊತೆಗೆ ಒಂದು ಗಟ್ಟಿ ದಾರವನ್ನೂ ಬಿಟ್ಟಿರಿ. ಮುಂದೆ ಇನ್ನೊಂದು ವೈರ್ ಬೇಕಾದರೆ ಅದಕ್ಕೆ ಕಟ್ಟಿ ಎಳೆದರಾಯ್ತು. ತವರ ಲೇಪಿಸಿದ ತಾಮ್ರದ ವೈರನ್ನೇ ತಗೊಳ್ಳಿ. ಉಪ್ಪುಗಾಳಿಗೆ ಸಾದಾ ತಾಮ್ರ ಒಳಗೊಳಗೇ ಕಪ್ಪಾಗುತ್ತದೆ.

ಬರೀ ಬೆಸುಗೆ ನಂಬಬೇಡಿ. ದೋಣಿ ಅಲುಗಾಡಿ ಅಲುಗಾಡಿ ವೈರ್ ಬೆಸುಗೆಯ ಅಂಚಿನಲ್ಲೇ ಮುರಿಯುತ್ತದೆ. ಕ್ರಿಂಪ್ ಮಾಡಿ, ಅಂದ್ರೆ ವೈರ್ ತುದಿಯನ್ನು ಪುಟ್ಟ ಲೋಹದ ಕೊಳವೆಯೊಳಗಿಟ್ಟು ಇಕ್ಕಳದಿಂದ ಬಿಗಿಯಾಗಿ ಅಮುಕಿ. ಅದರ ಮೇಲೆ ಒಳಗಡೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗುವ ಪ್ಲಾಸ್ಟಿಕ್ ಕೊಳವೆ) ಹಾಕಿ. ಬಿಸಿ ಮಾಡಿದಾಗ ಎರಡೂ ತುದಿಯಲ್ಲಿ ಅಂಟು ಸಣ್ಣಗೆ ಹೊರಗೆ ಇಣುಕಬೇಕು.

ಮುಖ್ಯ ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ. ಸ್ಪೀಕರ್ ದಿಕ್ಸೂಚಿಯಿಂದ ದೂರ ಇರಲಿ, ಅದರ ಅಯಸ್ಕಾಂತ ಮುಳ್ಳನ್ನೇ ತಿರುಗಿಸಿಬಿಡುತ್ತದೆ. ಹಲಗೆಗೆ ಅಂಟು ಬೇಡ, ಸ್ಟೇನ್‌ಲೆಸ್ ಸ್ಕ್ರೂ ಹಾಕಿ. ರಿಪೇರಿ ಅಂದ್ರೆ ಬಿಚ್ಚಲೇಬೇಕು ಅಲ್ವಾ!