ಹೊಲಿಗೆ ಮೆಷಿನ್ ಮುಂದೆ ಭುಜ ನೋಯದ ಹಾಗೆ ಕೂರಲು

ಹೊಲಿದು ಎದ್ದಾಗ ಕತ್ತು ಹಿಡಿದುಕೊಂಡರೆ ಮೆಷಿನ್ನನ್ನೋ ವಯಸ್ಸನ್ನೋ ಬೈಯುತ್ತೇವೆ. ಬಹಳ ಸಲ ತೊಂದರೆ ಇರುವುದು ಎತ್ತರದಲ್ಲಿ. ಹಾಗಾಗಿ ಏನನ್ನೂ ಕೊಳ್ಳುವ ಮುಂಚೆ ಅಳತೆ ಟೇಪು ತೆಗೆದುಕೊಳ್ಳಿ.

ದಿನಾ ಹೊಲಿಯುವ ಕುರ್ಚಿಯಲ್ಲೇ ಕೂತು, ಎರಡೂ ಪಾದ ನೆಲಕ್ಕೆ ಪೂರ್ತಿ ಊರಿ. ಭುಜ ಸಡಿಲ ಬಿಟ್ಟು ಮೊಣಕೈ ಮಡಚಿ. ನೆಲದಿಂದ ಮೊಣಕೈವರೆಗೆ ಎಷ್ಟಿದೆ ಅಂತ ಮನೆಯವರಿಂದ ಅಳೆಸಿ. ಸೂಜಿ ಕೆಳಗೆ ಬಟ್ಟೆ ಓಡುವ ಜಾಗ ಹೆಚ್ಚುಕಡಿಮೆ ಅದೇ ಎತ್ತರದಲ್ಲಿರಬೇಕು. ನಾನು ಕುಳ್ಳಿ, ನನ್ನದು 62 ಸೆಂಟಿಮೀಟರ್. ಊಟದ ಟೇಬಲ್ ಸಾಮಾನ್ಯವಾಗಿ 75ರ ಹತ್ತಿರ ಇರುತ್ತದೆ, ಅದರ ಮೇಲೆ ಮೆಷಿನ್ನಿನ ತಳ ಇನ್ನೊಂದು 8. ಅಂದರೆ 21 ಸೆಂಟಿಮೀಟರ್ ಜಾಸ್ತಿ! ಹೊಲಿಯುವಷ್ಟು ಹೊತ್ತೂ ಭುಜ ಎತ್ತಿಕೊಂಡೇ ಇರಬೇಕು.

ಟೇಬಲ್ಲಿಗೆ ಕಿಂಡಿ ಕೊರೆಸಿ ಮೆಷಿನ್ ಒಳಗೆ ಇಳಿಸಿದರೆ ಎಲ್ಲಕ್ಕಿಂತ ಒಳ್ಳೆಯದು. ನಾನು ಅಷ್ಟು ದೂರ ಹೋಗಲಿಲ್ಲ. ಹಳೇ ಮರದ ಟೇಬಲ್ಲಿನ ಕಾಲು ಕುಯ್ಯಿಸಿ 65ಕ್ಕೆ ಇಳಿಸಿದೆ, ಕುರ್ಚಿಯನ್ನು 8 ಏರಿಸಿದೆ. ಆಗ ಮೆಷಿನ್ನಿನ ತಳ 73, ಮೊಣಕೈ 70. ಇನ್ನೂ ಇಳಿಸಿದರೆ ತೊಡೆ ಟೇಬಲ್ಲಿಗೆ ತಗುಲುತ್ತದೆ, ಆ ಮೂರು ಸೆಂಟಿಮೀಟರ್ ಬಿಟ್ಟುಕೊಡಲೇಬೇಕು. ಕುರ್ಚಿ ಏರಿಸಿದವರು ಕಾಲಡಿಗೂ ಅಷ್ಟೇ ಎತ್ತರದ ಹಲಗೆ ಇಡಿ. ಪೆಡಲ್ ಮತ್ತು ಇನ್ನೊಂದು ಪಾದ ಎರಡೂ ಅದರ ಮೇಲೇ ಕೂರಬೇಕು. ಒಂದು ಕಾಲು ಮೇಲೆ, ಒಂದು ಕೆಳಗೆ ಇದ್ದರೆ ಸೊಂಟ ವಾಲುತ್ತದೆ. ಪೆಡಲ್ ಕೆಳಗೆ ರಬ್ಬರ್ ಮ್ಯಾಟಿನ ತುಂಡು ಹಾಕಿ, ಇಲ್ಲದಿದ್ದರೆ ಅದು ಜಾರುತ್ತಾ ಹೋಗುತ್ತದೆ, ನೀವೂ ಕಾಲು ಚಾಚುತ್ತಾ ಹೋಗುತ್ತೀರಿ.

ಕುರ್ಚಿಗೆ ಕೈ ಬೇಡ, ಟೇಬಲ್ಲಿಗೆ ಬಡಿಯುತ್ತದೆ. ಗಾಲಿಯೂ ಬೇಡ.

ಇನ್ನು ಕೂರುವ ಜಾಗ. ಸಾಮಾನ್ಯವಾಗಿ ಮೆಷಿನ್ನಿನ ನಡುಮಧ್ಯಕ್ಕೆ ಕೂರುತ್ತಾರೆ. ಆದರೆ ಸೂಜಿ ಇರುವುದು ಎಡಕ್ಕೆ ಅಲ್ವಾ? ಹಾಗೆ ಕೂತರೆ ಮೈ ತಿರುಚಿಕೊಂಡೇ ಇರುತ್ತದೆ. ಸೂಜಿ ನಿಮ್ಮ ಮೂಗಿನ ನೇರಕ್ಕೆ ಬರುವಂತೆ ಕುರ್ಚಿ ಸರಿಸಿ. ಮೆಷಿನ್ನಿನ ಹಿಂದಿನ ಎರಡು ಕಾಲಿನ ಕೆಳಗೆ ಬಾಗಿಲಿಗೆ ಕೊಡುವ ರಬ್ಬರ್ ಬೆಣೆ ಸಿಕ್ಕಿಸಿದರೆ ಅದು ನಿಮ್ಮ ಕಡೆ ಸ್ವಲ್ಪ ವಾಲುತ್ತದೆ, ಬಗ್ಗಿ ಇಣುಕುವುದು ತಪ್ಪುತ್ತದೆ. ಎರಡೂ ಬೆಣೆ ಒಂದೇ ಅಳತೆಯವು ಇರಲಿ. ಜೋರಾಗಿ ಓಡಿಸಿ, ಮೆಷಿನ್ ಜಾರುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

ಪರದೆ, ಹೊದಿಕೆಯಂಥ ಭಾರದ ಬಟ್ಟೆ ಹೊಲಿಯುವಾಗ ಎಡಗಡೆಗೆ ಒಂದು ಸ್ಟೂಲ್ ಇಡಿ. ನೇತಾಡುವ ಬಟ್ಟೆ ಸೂಜಿಯನ್ನು ಎಳೆಯುತ್ತದೆ, ಸೂಜಿ ಬಾಗುತ್ತದೆ, ಆ ಭಾರ ಹಿಡಿದು ನಿಮ್ಮ ತೋಳೂ ಸೋಲುತ್ತದೆ. ಮೆಷಿನ್ ದೀಪ ಒಂದನ್ನೇ ನಂಬಬೇಡಿ. ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕಿದ ದಿನ ಗೊತ್ತಾಗುತ್ತದೆ. ಕತ್ತು ಬಾಗಿಸುವ ಟೇಬಲ್ ಲ್ಯಾಂಪ್ ಎಡಗಡೆ ಇರಲಿ, ಎಡಗೈಯವರಿಗೆ ಬಲಗಡೆ.

ಕತ್ತರಿಸುವುದು ಮಾತ್ರ ನಿಂತೇ. ನೆಲದ ಮೇಲೆ ಬಗ್ಗಿ ಕತ್ತರಿಸುವುದೇ ಸೊಂಟಕ್ಕೆ ದೊಡ್ಡ ಶತ್ರು. ಎತ್ತರದ ಮೇಜು ಇಲ್ಲದಿದ್ದರೆ ಇರುವ ಮೇಜಿನ ಕಾಲಿಗೆ ಗಟ್ಟಿ ಮರದ ತುಂಡು ಕೊಟ್ಟು ಸೊಂಟದ ಮಟ್ಟಕ್ಕೆ ತನ್ನಿ.

ಇಸ್ತ್ರಿ ಪೆಟ್ಟಿಗೆ ಕೈಗೆ ಸಿಗುವಂತೆ ಇಡಿ ಅಂತ ಸುಮಾರು ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನನ್ನದು ಕೋಣೆಯ ಆ ಮೂಲೆಯಲ್ಲಿದೆ. ಪ್ರತಿ ಹೊಲಿಗೆಯನ್ನೂ ಒತ್ತಲು ಎದ್ದು ಹೋಗಲೇಬೇಕು, ಬೈದುಕೊಂಡಾದರೂ.