ಗೋಡೆ ಮೇಲಿನ ಹಾವಸೆಗೆ ಸರಿಯಾದ ಹೆಸರು ಹುಡುಕಿದ್ದು

ಪಿಯುಸಿ ಬಯಾಲಜಿ ಲ್ಯಾಬಿನಲ್ಲಿ ಹಾವಸೆ ಅಂದರೆ ಫ್ಯುನೇರಿಯಾ. ಪಠ್ಯಪುಸ್ತಕದಲ್ಲಿರುವ ಚಿತ್ರ ಅದರದು, ಮಕ್ಕಳು ರೆಕಾರ್ಡಿನಲ್ಲಿ ಬರೆಯುವುದೂ ಅದನ್ನೇ. ಮಳೆಗಾಲದಲ್ಲಿ ಕಾಂಪೌಂಡ್ ಗೋಡೆಯಿಂದ ಒಂದಿಷ್ಟು ಹಸಿರು ಕೆರೆದು ತಂದರೆ ಅದಕ್ಕೂ ಫ್ಯುನೇರಿಯಾ ಅಂತಲೇ ಚೀಟಿ. ಆದರೆ ಬೆಂಗಳೂರಿನ ಗೋಡೆಗಳಲ್ಲಿ ನಾನು ನೋಡಿದ್ದರಲ್ಲಿ ಹೆಚ್ಚಿನದು ಫ್ಯುನೇರಿಯಾ ಅಲ್ಲವೇ ಅಲ್ಲ. ಹಾಗಾದರೆ ಯಾವುದು? ಪಾಠ ಮಾಡುವವಳಾಗಿ ಇದಕ್ಕೆ ಉತ್ತರ ಗೊತ್ತಿರಬೇಕು ಅನ್ನಿಸಿ ಈ ಕೆಲಸಕ್ಕೆ ಕೈ ಹಾಕಿದೆ.

ಸಾಮಗ್ರಿ ಜಾಸ್ತಿ ಬೇಕಾಗಲಿಲ್ಲ. ಹತ್ತು ಪಟ್ಟು ದೊಡ್ಡದು ಮಾಡುವ ಕೈ ಲೆನ್ಸ್, ಒಂದು ಹಳೆ ಚಾಕು, ಪೇಪರ್ ಪೊಟ್ಟಣ, ಪೆನ್ಸಿಲ್. ಮಲ್ಲೇಶ್ವರದ ಹಳೆ ಮನೆಗಳ ಕಲ್ಲು ಕಾಂಪೌಂಡುಗಳು ಒಳ್ಳೆ ಜಾಗ. ಉತ್ತರಕ್ಕೆ ಮುಖ ಮಾಡಿದ, ಮೇಲೆ ಮರದ ನೆರಳಿರುವ ಗೋಡೆ ಸಿಕ್ಕರೆ ಇನ್ನೂ ಒಳ್ಳೆಯದು. ಗೇಟಿನ ಒಳಗಿಂದ ಅಜ್ಜಿ ಒಬ್ಬರು, "ಆ ಪಾಚಿ ತಗೊಂಡು ಏನ್ಮಾಡ್ತೀಯಮ್ಮಾ? ಬೇಕಿದ್ರೆ ಪೂರ್ತಿ ಗೋಡೆ ಉಜ್ಜಿಕೊಂಡು ಹೋಗು" ಅಂದರು. ನನಗೆ ಬೇಕಿದ್ದದ್ದು ಬೆರಳಗಲ ಅಷ್ಟೇ.

ಹೂಬಿಡುವ ಗಿಡಗಳ ಹಾಗೆ ಇದನ್ನು ಒತ್ತಿ ಒಣಗಿಸಬಾರದು. ಸುಮ್ನೆ ಪೊಟ್ಟಣದಲ್ಲಿಟ್ಟು ನೆರಳಲ್ಲಿ ಬಿಟ್ಟರೆ ಸಾಕು. ವರ್ಷಗಳಾದ ಮೇಲೂ ಒಂದು ಹನಿ ನೀರು ಹಾಕಿದರೆ ಎಲೆಗಳು ಮತ್ತೆ ಬಿಚ್ಚಿಕೊಳ್ಳುತ್ತವೆ. ಪೊಟ್ಟಣದ ಮೇಲೆ ತಾರೀಕು, ಜಾಗ, ಯಾವುದರ ಮೇಲೆ ಬೆಳೆದಿತ್ತು, ಬಿಸಿಲೋ ನೆರಳೋ ಅನ್ನುವುದನ್ನು ಅಲ್ಲೇ ನಿಂತು ಬರೆಯಬೇಕು. ಗಾರೆಯೋ, ಸಿಮೆಂಟೋ, ಗ್ರಾನೈಟ್ ಕಲ್ಲೋ, ಮರದ ತೊಗಟೆಯೋ ಅನ್ನುವುದು ಆಮೇಲೆ ನೆನಪಾಗುವುದಿಲ್ಲ. ಹೆಸರು ಹುಡುಕುವಾಗ ಅದೇ ಅರ್ಧ ದಾರಿ ತೋರಿಸುತ್ತದೆ.

ಫ್ಯುನೇರಿಯಾ ಹೌದೋ ಅಲ್ಲವೋ ತಿಳಿಯಲು ಮೈಕ್ರೋಸ್ಕೋಪೂ ಬೇಡ. ಅದರ ಕ್ಯಾಪ್ಸೂಲ್ (ಬೀಜಕಣಗಳು ತುಂಬಿರುವ ಪುಟ್ಟ ಕೋಶ) ಪೇರ್ ಹಣ್ಣಿನ ಆಕಾರದ್ದು, ಒಂದು ಕಡೆಗೆ ವಾಲಿದ್ದು, ಬಾಗಿದ ಕಡ್ಡಿಯ ತುದಿಯಲ್ಲಿ ತೂಗುತ್ತದೆ. ಮಲ್ಲೇಶ್ವರದ ಗೋಡೆಯದಕ್ಕೆ ನೆಟ್ಟಗಿನ ಕಡ್ಡಿ, ಅದರ ಮೇಲೆ ನೆಟ್ಟಗಿನ ಕೊಳವೆಯಂಥ ಕ್ಯಾಪ್ಸೂಲ್. ಮುಚ್ಚಳ ಬಿದ್ದ ಮೇಲೆ ಬಾಯಿಯ ಸುತ್ತ ಹಲ್ಲುಗಳೇ ಇಲ್ಲ. ಫ್ಯುನೇರಿಯಾದಲ್ಲಾದರೆ ಎರಡು ಸುತ್ತು ಹಲ್ಲುಗಳಿರುತ್ತವೆ. ಇನ್ನೊಂದು ಗುರುತು ಎಲೆಯದು. ಒಣಗಿದಾಗ ಎಲೆಯ ಎರಡೂ ಅಂಚು ಒಳಕ್ಕೆ ಸುರುಳಿಯಾಗಿ, ಗಿಡವೆಲ್ಲ ಕಂದು ಮುಳ್ಳಿನಂತೆ ಕಾಣುತ್ತದೆ. ನೀರು ಚಿಮುಕಿಸಿದರೆ ಕಣ್ಣೆದುರಿಗೇ ಹಸಿರಾಗಿ ಅರಳುತ್ತದೆ. ಇದನ್ನು ತರಗತಿಯಲ್ಲಿ ತೋರಿಸಿದ ದಿನ ಬೇರೆ ಪಾಠ ನಡೆಯಲಿಲ್ಲ ಅನ್ನಿ.

ಮುಂದಿನದಕ್ಕೆ ಮೈಕ್ರೋಸ್ಕೋಪ್ ಬೇಕೇ ಬೇಕು. ಹಾವಸೆಯ ಎಲೆ ನಡುನರ ಬಿಟ್ಟರೆ ಸಾಮಾನ್ಯವಾಗಿ ಒಂದೇ ಜೀವಕೋಶದಷ್ಟು ದಪ್ಪ. ಅದನ್ನು ಅಡ್ಡಕ್ಕೆ ಕತ್ತರಿಸುವುದೇ ಕೈಚಳಕ. ಒದ್ದೆ ಎಲೆಗಳನ್ನು ಸ್ಲೈಡ್ ಮೇಲೆ ಜೋಡಿಸಿ, ಮೇಲೊಂದು ಸ್ಲೈಡ್ ಒತ್ತಿ ಹಿಡಿದು, ಅದರ ಅಂಚಿನ ಗುಂಟ ಹೊಸ ಬ್ಲೇಡಿನಿಂದ ಕತ್ತರಿಸಬೇಕು. ಮೇಲಿನ ಸ್ಲೈಡನ್ನು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿ ಮತ್ತೆ ಕತ್ತರಿಸಬೇಕು. ಹೀಗೆ ಮಾಡುತ್ತಾ ಹೋದರೆ ಹತ್ತರಲ್ಲಿ ಒಂದೆರಡು ಚೂರು ನೋಡುವಂತಿರುತ್ತವೆ, ಅಷ್ಟು ಸಾಕು. ನನ್ನ ಚೂರುಗಳಲ್ಲಿ ಕಂಡದ್ದು ಇದು: ಎಲೆಯ ಒಳಮೈಯ ಜೀವಕೋಶಗಳು ಗುಳ್ಳೆಯಂತೆ ಉಬ್ಬಿವೆ, ಹೊರಮೈ ನಯವಾಗಿದೆ. ನಡುನರದಲ್ಲಿ ಮೇಲೂ ಕೆಳಗೂ ದಪ್ಪ ಗೋಡೆಯ ಸಣ್ಣ ಜೀವಕೋಶಗಳ ಪಟ್ಟಿ, ನಡುವೆ ದೊಡ್ಡ ಜೀವಕೋಶಗಳ ಸಾಲು. ಎಲೆಯ ತುದಿಯ ಹತ್ತಿರ ಅಂಚಿನಲ್ಲಿ ಗರಗಸದ ಹಲ್ಲುಗಳು. ಎಲೆಯ ಕಂಕುಳಲ್ಲಿ ನಕ್ಷತ್ರದ ಆಕಾರದ ಪುಟ್ಟ ಜೆಮ್ಮಾಗಳು. ಇವು ಉದುರಿ ಹೊಸ ಗಿಡವಾಗುತ್ತವೆ.

ಈ ಗುರುತುಗಳನ್ನು ಹಿಡಿದು ಎಚ್. ಸಿ. ಗಾಂಗುಲಿಯವರ ಪೂರ್ವ ಭಾರತದ ಹಾವಸೆಗಳ ಪುಸ್ತಕದ ಕೀಲಿ, ಅಂದರೆ ಒಂದೊಂದೇ ಗುರುತು ಹೋಲಿಸುತ್ತಾ ಹೆಸರಿನ ತನಕ ಕರೆದೊಯ್ಯುವ ಪಟ್ಟಿ, ಬಿಚ್ಚಿದೆ. 1969ರಿಂದ 1980ರವರೆಗೆ ಕಂತುಕಂತಾಗಿ ಬಂದ ಕೆಲಸ ಅದು. ಅದರ ಹೆಸರಲ್ಲೇ ಪೂರ್ವ ಭಾರತ ಇದೆ. ಹಾಗಾಗಿ ದಕ್ಷಿಣದಲ್ಲಿ ಮಾತ್ರ ಇರುವ ಪ್ರಭೇದವಾದರೆ ಕೀಲಿ ನಮ್ಮನ್ನು ತಪ್ಪು ಬಾಗಿಲಿಗೆ ಕರೆದೊಯ್ಯಬಹುದು. ಅದಕ್ಕೇ ಪಳನಿ ಬೆಟ್ಟದ ಹಾವಸೆಗಳ ಬಗ್ಗೆ ಫಾದರ್ ಫೋರೋ 1961ರಲ್ಲಿ ಪ್ರಕಟಿಸಿದ ಪಟ್ಟಿಯನ್ನೂ ಪಕ್ಕದಲ್ಲಿಟ್ಟುಕೊಂಡೆ. ಕೊನೆಗೆ ನಿಂತ ಹೆಸರು: ಹಯೋಫಿಲಾ ಇನ್ವೊಲ್ಯೂಟಾ (ಹುಕ್.) ಎ. ಜೇಗರ್. ಕುಟುಂಬ ಪಾಟಿಯೇಸಿ. ಹಾವಸೆಗಳಲ್ಲೇ ಅತಿ ದೊಡ್ಡ ಕುಟುಂಬಗಳಲ್ಲಿ ಇದೂ ಒಂದು, ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ.

ಹೆಸರು ಸಿಕ್ಕಿದ ಮೇಲೆ ನನ್ನನ್ನು ಹಿಡಿದು ಕೂರಿಸಿದ್ದು ಆ ಕಂಸ. ಕಂಸದೊಳಗಿರುವವರು ಮೊದಲು ಹೆಸರಿಟ್ಟವರು, ಹೊರಗಿರುವವರು ಅದನ್ನು ಈಗಿನ ಕುಲಕ್ಕೆ ತಂದವರು. ಮುಂದೆ ಲಂಡನ್ನಿನ ಕ್ಯೂ ತೋಟದ ನಿರ್ದೇಶಕರಾದ ವಿಲಿಯಂ ಹುಕರ್ ಇದನ್ನು ಜಿಮ್ನೊಸ್ಟೋಮಮ್ ಎಂಬ ಕುಲದಲ್ಲಿಟ್ಟಿದ್ದರು. ಯಾಕೆ ಗೊತ್ತಾ? ಕ್ಯಾಪ್ಸೂಲಿನ ಬಾಯಲ್ಲಿ ಹಲ್ಲಿಲ್ಲ ಅಂತ. ಅದಕ್ಕೂ ಮೊದಲು ಸಸ್ಯವಿಜ್ಞಾನಿ ಯೋಹಾನ್ ಹೆಡ್ವಿಗ್ ಹಾವಸೆಗಳ ವರ್ಗೀಕರಣವನ್ನು ಈ ಹಲ್ಲುಗಳ ಮೇಲೆ ಕಟ್ಟಿದ್ದರು. ಬಹಳ ಒಳ್ಳೆಯ ಗುರುತೇ ಅದು, ಇವತ್ತಿಗೂ ಹಲ್ಲುಗಳ ರಚನೆ ನೋಡಿಯೇ ದೊಡ್ಡ ಗುಂಪುಗಳನ್ನು ಹೇಳುತ್ತೇವೆ. ತೊಂದರೆ ಬಂದದ್ದು ಹಲ್ಲಿಲ್ಲದವುಗಳಲ್ಲಿ. ಬೇರೆ ಬೇರೆ ವಂಶದ ಹಾವಸೆಗಳು ತಮ್ಮ ಪಾಡಿಗೆ ಹಲ್ಲು ಕಳೆದುಕೊಂಡಿವೆ. ಹಲ್ಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಅವನ್ನೆಲ್ಲ ಒಟ್ಟಿಗೆ ಕೂರಿಸಿದರೆ, ಬೊಚ್ಚು ಬಾಯಿಯ ಅಜ್ಜಂದಿರೆಲ್ಲ ಒಂದೇ ಮನೆತನದವರು ಅಂದಂತಾಗುತ್ತದೆ. 1870ರ ದಶಕದಲ್ಲಿ ಸ್ವಿಸ್ ವಿಜ್ಞಾನಿ ಜೇಗರ್ ಇದನ್ನು ಹಯೋಫಿಲಾಕ್ಕೆ ತಂದರು. ಎಲೆಯ ಒಳರಚನೆ ಅದಕ್ಕೇ ಹೊಂದುತ್ತದೆ. ನಾನು ಬ್ಲೇಡ್ ಹಿಡಿದು ಒದ್ದಾಡಿದ್ದೂ ಆ ರಚನೆ ನೋಡಲಿಕ್ಕೇ.

ಹೆಡ್ವಿಗ್ ಇನ್ನೊಂದು ರೀತಿಯಲ್ಲೂ ಪ್ರತಿ ಪೊಟ್ಟಣದಲ್ಲೂ ಕೂತಿದ್ದಾರೆ. ಅವರು 1799ರಲ್ಲಿ ತೀರಿಕೊಂಡರು, ಅವರ ದೊಡ್ಡ ಗ್ರಂಥ ಹೊರಬಂದದ್ದು 1801ರಲ್ಲಿ. ಹಾವಸೆಗಳ ಹೆಸರುಗಳಿಗೆ ಲೆಕ್ಕ ಶುರುವಾಗುವುದು ಅಲ್ಲಿಂದ. ಬೇರೆ ಗಿಡಗಳಿಗೆ ಲಿನ್ನೇಯಸನ 1753ರ ಪುಸ್ತಕ ಮೊದಲು. ಹಾವಸೆಗಳಲ್ಲಿ ಸ್ಫ್ಯಾಗ್ನಮ್ ಗುಂಪಿಗೆ ಮಾತ್ರ 1753 ಉಳಿದಿದೆ. ಹಾಗಾಗಿ ಲಿನ್ನೇಯಸ್ ಮೊದಲೇ ಹೆಸರಿಟ್ಟಿದ್ದ ಬ್ರಯಮ್ ಅರ್ಜೆಂಟಿಯಮ್ ಮುಂದೆ ಕೂಡ ಹೆಡ್ವಿಗ್ ಅಂತಲೇ ಬರೆಯುತ್ತೇವೆ. ಲಿನ್ನೇಯಸನಿಗೆ ಸ್ವಲ್ಪ ಅನ್ಯಾಯ ಆಯ್ತು ಅಂತ ನನಗೆ ಅನ್ನಿಸುತ್ತದೆ. ಆದರೆ ಹಾವಸೆಯನ್ನು ಮೈಕ್ರೋಸ್ಕೋಪಿನಲ್ಲಿ ಗಂಭೀರವಾಗಿ ನೋಡಿದವರು ಹೆಡ್ವಿಗ್, ನಿಯಮದಲ್ಲಿ ಅರ್ಥವಿದೆ.

ಬ್ರಯಮ್ ಅರ್ಜೆಂಟಿಯಮ್ ನಿಮ್ಮ ತಾರಸಿಯಲ್ಲೂ ಇರಬಹುದು. ಎಲೆತುದಿಯ ಜೀವಕೋಶಗಳಲ್ಲಿ ಹಸಿರು ಇರುವುದಿಲ್ಲ, ಅದರಿಂದಲೇ ಆ ಬೆಳ್ಳಿ ಹೊಳಪು. ಲೆನ್ಸ್ ಸಾಕು, ಬೇರೆ ಕಷ್ಟ ಇಲ್ಲ. ಅಂಟಾರ್ಕ್ಟಿಕಾದಲ್ಲೂ ಬದುಕುವ ಗಿಡಕ್ಕೆ ಬಿಸಿಲಲ್ಲಿ ಕಾದ ನಮ್ಮ ತಾರಸಿ ಏನು ಮಹಾ!

ಅದರ ನೆಂಟ ಬ್ರಯಮ್ ಕೊರೊನೇಟಮ್ ವಿಷಯ ಮಾತ್ರ ಬೇರೆ. ಕೆಳಕ್ಕೆ ತೂಗುವ ಕ್ಯಾಪ್ಸೂಲು, ಅದರ ಕತ್ತು ಊದಿಕೊಂಡು ಸುಕ್ಕುಗಟ್ಟಿರುತ್ತದೆ. ಗುರುತು ಹಿಡಿಯುವುದು ಸುಲಭ. ಆದರೆ ಈಚಿನ ದಶಕಗಳಲ್ಲಿ ಕೆಲವರು ಬ್ರಯಮ್ ಕುಲವನ್ನು ಒಡೆದು ಇದನ್ನು ಜೆಮ್ಮಾಬ್ರಯಮ್ ಕುಲಕ್ಕೆ ಸೇರಿಸಿದ್ದಾರೆ. ಎಲ್ಲರೂ ಒಪ್ಪಿಲ್ಲ. "ಮೇಡಂ, ಪರೀಕ್ಷೇಲಿ ಯಾವುದನ್ನ ಬರೀಬೇಕು?" ಅಂತ ಮಕ್ಕಳು ಕೇಳುತ್ತಾರೆ. ಪರೀಕ್ಷೆಗೆ ಪಠ್ಯದಲ್ಲಿರುವುದನ್ನೇ ಬರೀರಿ ಅನ್ನುತ್ತೇನೆ. ನನ್ನ ಪೊಟ್ಟಣದ ಮೇಲೆ ಹಳೆ ಹೆಸರು ಬರೆದು, ಪಕ್ಕದಲ್ಲಿ ಹೊಸದನ್ನೂ ಬರೆದಿದ್ದೇನೆ.

ಫೋಟೋ ಸಾಲದು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ನಾನಿಟ್ಟ ಹೆಸರನ್ನು ನಾಳೆ ಬೇರೊಬ್ಬರು ಒಪ್ಪದಿದ್ದರೆ, ಅವರು ಅದೇ ಗಿಡದ ಎಲೆ ಕತ್ತರಿಸಿ ನೋಡುವಂತಿರಬೇಕು ಅಲ್ವಾ? ಹರ್ಬೇರಿಯಂಗಳಲ್ಲಿ (ಒಣಗಿದ ಗಿಡಗಳನ್ನು ಕಾಪಾಡಿ ಇಡುವ ಸಂಗ್ರಹಗಳಲ್ಲಿ) ಹಳೆ ಚೀಟಿ ಕಿತ್ತು ಹಾಕುವುದಿಲ್ಲ. ಹೊಸಬರು ತಮ್ಮ ಚೀಟಿಯನ್ನು ಪಕ್ಕದಲ್ಲಿ ಸೇರಿಸಿ, ಹೆಸರು, ವರ್ಷ ಹಾಕುತ್ತಾರೆ. ನಾನೂ ಹಾಗೇ ಮಾಡುತ್ತೇನೆ. ಒಂದು ಪೊಟ್ಟಣ ಲ್ಯಾಬಿಗೆ, ಅದರದೇ ಇನ್ನೊಂದು ಪಾಲು ಹರ್ಬೇರಿಯಂಗೆ ಕೊಡಲಿಕ್ಕೆ.

ಕೆಲವು ಪೊಟ್ಟಣಗಳ ಮೇಲೆ ಬರೀ 'ಬ್ರಯಮ್' ಅಂತ ಮಾತ್ರ ಇದೆ. ಕ್ಯಾಪ್ಸೂಲ್ ಇಲ್ಲದೆ ಅವಕ್ಕೆ ಪೂರ್ತಿ ಹೆಸರು ಹಾಕುವುದಿಲ್ಲ. ಆ ಗೋಡೆಗಳ ವಿಳಾಸ ಬರೆದಿಟ್ಟುಕೊಂಡಿದ್ದೇನೆ. ಮಳೆ ನಿಂತ ಮೇಲೆ, ಯಾರೂ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜುವ ಮೊದಲು, ಮತ್ತೆ ಹೋಗಿ ನೋಡಬೇಕು.